ಹಳೇ ಜೀಪಿಗೆ ಗಟ್ಟಿ ಆಯಿಲ್

…ಏ, ಆ ಡಬ್ಬಿ ಬಿಚ್ಬೇಡ! ಬಿಚ್ಬೇಡ ಅಂದ್ರೆ! ಬಿಚ್ಚಿದ್ರೆ ಅಂಗಡಿಯೋನು ವಾಪಸ್ ತಗಳ್ಳಲ್ಲ. ಕೊಡಿಲ್ಲಿ ನೋಡಾನ… ಸಿಂಥೆಟಿಕ್ ಆಯಿಲ್ಲು! ದುಬೈಯಿಂದ ಬಂದಿದ್ದಂತಾ? ದಾವಣಗೆರೆ ಅಂಗಡಿಯೋನು ಹಂಗಂದ್ನಾ? ನಿನ್ನ ಮುಖ ನೋಡಿದ ಕೂಡ್ಲೇ ಗೊತ್ತಾಗಿರ್ತೈತೆ ಬಿಡು ಅವನಿಗೆ. ಸಿಕ್ಕ ಒಬ್ಬ ಪೆದ್ದ ಅಂತ!

ಯಾಕೆ, ಸಿಟ್ಟು ಬಂತಾ? ಇಲ್ವಾ? ಹಂಗಾದ್ರೆ ಕುಂತ್ಕ. ಜಗಳೂರಿಂದ ನ್ಯಾಮತಿ ತನಕ ಬಂದೀಯ, ಯಾವ ಆಯಿಲ್ ಹಾಕ್ಲಿ ಅಂತ ಕೇಳಾಕೆ. ಅಷ್ಟು ಮಾತ್ರ ಬುದ್ಧಿ ಐತೆ ನಿಂಗೆ. ಈ ಜೀಪನ್ನ ಹದಿನಾಲ್ಕು ವರ್ಷ ಓಡಿಸಿದೋನು ನಾನು. ಸರ್ಕಾರದೋರು ನನ್ನ ಮನೆಗೆ ಕಳಿಸಿದ್ರು, ಅದನ್ನ ಹರಾಜಿಗಿಟ್ರು. ಮೀಟ್ರು ಎರಡು ಸಲ ಪೂರ್ತಿ ಸುತ್ತಿ ಬಂದೈತೆ, ಗೊತ್ತಾ? ಗೊತ್ತಿದ್ದೂ ಇದನ್ನೇ ತಗಂಡ್ಯಾ? ಹ್ಹಹ್ಹ! ಆ ದುಡ್ಡಿಗೆ ನಾಲ್ಕು ಹೋರಿ ಬರ್ತಿದ್ವಲ್ಲೋ!

ಕೇಳಿಲ್ಲಿ. ಈ ಫಾರಿನ್ ಆಯಿಲ್ ಐತಲ್ಲ, ಇದು ನೀರಿದ್ದಂಗೆ, ತೆಳ್ಳಗೆ. ಹೊಸ ಇಂಜಿನ್ನಿಗೆ ಬೆಣ್ಣೆ. ನಿಂದಕ್ಕೆ? ಒಳಗೆ ರಿಂಗೆಲ್ಲ ಸವೆದು ಕುಂತಾವೆ. ಆ ಸಂದಿಯಾಗೆ ನುಗ್ಗಿ ಉರಿದು ಹೊಗೆಯಾಗಿ ಹೋಗ್ತೈತೆ. ಉಳಿದಿದ್ದು ಸೀಲಿನಾಗೆ ಸೋರ್ತೈತೆ. ನಲವತ್ತು ನಂಬರ್ ಗಟ್ಟಿ ಆಯಿಲ್ ಹಾಕು. ಹಾಕಿ ಸುಮ್ನಿರು. ಮೂರು ವರ್ಷ ಉಸಿರೆತ್ತಲ್ಲ ಅದು.

ಅಲ್ಲಿ ಜೀಪಿನಾಗೆ ಕುಂತಿರೋರು ಯಾರು? ಹೆಂಡ್ತೀನಾ? ಬರಾಕೆ ಹೇಳು, ಜಗಲಿ ಮ್ಯಾಲೆ ಕುಂತ್ಕಳ್ಳಿ… ಬರಲ್ವಾ? ನಾಚ್ಕೇನಾ? ಮಕ್ಕಳನ್ನ ಯಾರ ಹತ್ರ ಬಿಟ್ಟು ಬಂದ್ರಿ?

ಇಲ್ವಾ? ಒಂದೂ ಇಲ್ವಾ?

ಮದ್ವೆಯಾಗಿ ಎಷ್ಟು ವರ್ಷಾತು? ಹತ್ತು! ಹತ್ತು ವರ್ಷ ಸುಮ್ನೆ ಕುಂತೀಯಲ್ಲೋ ಮಾರಾಯ… ಏನು, ಹೊನ್ನಾಳಿಗೆ ಹೊಂಟೀರಾ? ನಾಟಿ ಔಷಧಿಗಾ? ಆಯಮ್ಮಗೆ ಕುಡಿಸಾಕಾ? ಎಷ್ಟನೇದು ಇದು? ಹ್ಹಹ್ಹ! ಔಷಧಿಗೆ ಸುರಿದ ದುಡ್ಡಿನಾಗೆ ಇನ್ನೊಂದು ಹೆಣ್ಣು ತರಬಹುದಿತ್ತು! ಮೆತ್ತಗೆ ಯಾಕೆ ಮಾತಾಡ್ಲಿ? ಕೇಳಿಸ್ಕಳ್ಳಿ ಬಿಡು. ಕಾಯಿ ಬಿಡದ ಗಿಡ ಅಂಗಳದಾಗೆ ಇಟ್ಕಂಡು ಏನ್ ಮಾಡ್ತೀಯ? ನಿಮ್ಮವ್ವ ಏನೂ ಅನ್ನಲ್ವಾ?… ಅಂತಾಳಾ? ದಿನಾ ಅಂತಾಳಾ? ಅನ್ಲೇಬೇಕು.

ತಲೆ ಯಾಕೆ ತಗ್ಗಿಸ್ತೀಯ? ಟೀ ಕುಡಿ, ಆರ್ತೈತೆ.

ನೋಡು, ಮಕ್ಕಳು ಅಂದ ಕೂಡ್ಲೇ ನೆನಪಾತು. ಇದೇ ಜೀಪಿಂದು. ಎಪ್ಪತ್ತಾರನೇ ಇಸ್ವಿ. ಆಗ ಆಪರೇಷನ್ ಕ್ಯಾಂಪು ನಡೀತಿದ್ವಲ್ಲ, ಗಂಡಸ್ರಿಗೆ, ಇನ್ನು ಮಕ್ಕಳಾಗದಂಗೆ… ಗೊತ್ತಲ್ಲ ನಿಂಗೂ? ತಿಂಗಳಿಗೆ ಎರಡು ಕೇಸ್ ತರ್ದಿದ್ರೆ ಕೆಲಸ ಬಿಟ್ಟು ನಡಿ ಅಂದಿದ್ರು ನಮ್ಮ ಸಾಹೇಬ್ರು. ಡ್ರೈವರ್‌ಗೂ ಅಷ್ಟೆ, ಗುಮಾಸ್ತನಿಗೂ ಅಷ್ಟೆ. ತಿಂಗಳ ಕೊನೇ ದಿನ. ನಂಗೆ ಒಂದು ಕೇಸ್ ಕಮ್ಮಿ.

ಜಗಳೂರು ಕಡೆ ರಸ್ತೆ ಪಕ್ಕ ಒಬ್ಬ ಕುರಿ ಕಾಯ್ತಿದ್ದ. ಗಟ್ಟಿಮುಟ್ಟಾದ ಹುಡುಗ, ಇಪ್ಪತ್ತೆರಡು ಇರಬೌದು. ಜೀಪನ್ನೇ ನೋಡ್ಕಂತ ನಿಂತಿದ್ದ, ಬಾಯಿ ಬಿಟ್ಕಂಡು. ನಾನಂದೆ, ಡ್ರೈವರ್ ಕೆಲಸ ಕೊಡಿಸ್ತೀನಿ ಬರ್ತೀಯೇನೋ? ಸರ್ಕಾರಿ ಕೆಲಸ, ಖಾಕಿ ಬಟ್ಟೆ. ಆದ್ರೆ ಇವತ್ತೇ ಡಾಕ್ಟ್ರು ಮೈ ಪರೀಕ್ಷೆ ಮಾಡ್ಬೇಕು! ಕುರಿನೆಲ್ಲ ಅವರಣ್ಣನಿಗೆ ಬಿಟ್ಟು ಹತ್ತೇಬಿಟ್ಟ!

ಅರ್ಧ ದಾರಿ ಹೋಗಿರ್ಲಿಲ್ಲ, ಇಂಜಿನ್ನು ಕಟಕಟ ಅನ್ನಾಕೆ ಹತ್ತಿತು. ನಿಲ್ಲಿಸಿ ಆಯಿಲ್ ಅಳೆಯೋ ಕಡ್ಡಿ ಎಳೆದು ನೋಡ್ತೀನಿ, ಒಣಾ ಕಡ್ಡಿ! ಸ್ಟೋರಿನ ಮಹಾನುಭಾವ ಯಾವುದೋ ತೆಳ್ಳನೆ ಆಯಿಲ್ ತುಂಬಿ ಕಳಿಸಿದ್ದ. ಎಲ್ಲಾ ಕುಡಿದು ಹಾಕಿತ್ತು. ಇದಕ್ಕೇ ನಾನು ನಿಂಗೆ ಬಡ್ಕಂತಿರೋದು, ಗಟ್ಟೀದು ಹಾಕು ಅಂತ. ಕ್ಯಾಂಪು ಐದು ಗಂಟೆಗೆ ಮುಗೀತೈತೆ. ನನ್ನ ಕೆಲ್ಸ ಹೋತು ಅಂತ ತಲೆ ಮ್ಯಾಲೆ ಕೈ ಇಟ್ಕಂಡು ಕುಂತೆ. ಆಗ ಆ ಹುಡುಗ ಅಂದ, 'ಅಣ್ಣಾ, ಆಯಿಲ್ ನಾನು ತರ್ತೀನಿ, ಪಂಪ್‌ಸೆಟ್ ಇರೋ ಹೊಲ ಒಂದೈತೆ.'

ಹೋದ. ನಾನು ಅನ್ಕಂಡೆ, ಹೋದ ಗಿರಾಕಿ ಇನ್ನೇನ್ ಬರ್ತಾನೆ? ಓಡಿ ಹೋಗಬಹುದಿತ್ತು ಕಣೋ! ಹೋಗ್ಲಿಲ್ಲ! ಉರಿ ಬಿಸ್ಲಾಗೆ ಎರಡು ಮೈಲಿ, ಬರಿಗಾಲಾಗೆ, ತಲೆ ಮ್ಯಾಲೆ ಡಬ್ಬ ಹೊತ್ಕಂಡು ಓಡಿ ಬಂದ. ಗಟ್ಟಿ ಆಯಿಲ್, ಜೋನಿಬೆಲ್ಲ ಇದ್ದಂಗೆ! ಯಾರ ಕಾಲು ಹಿಡಿದು ತಂದಿದ್ನೋ. ತಾನೇ ಸುರಿದ. ಸುರಿದು ಏನಂದ ಗೊತ್ತಾ? 'ಬಿರ್ರನೆ ನಡಿ ಅಣ್ಣಾ, ಡಾಕ್ಟ್ರು ಹೋಗಿಬಿಟ್ಟಾರು' ಅಂದ!

ಹ್ಹಹ್ಹಹ್ಹ! ಡಾಕ್ಟ್ರು ಹೋಗಿಬಿಟ್ಟಾರು!… ನಗಲ್ವೇನೋ ನೀನು? ಈ ಮಾತು ಹೇಳಿದಾಗೆಲ್ಲ ಜನ ಹೊಟ್ಟೆ ಹಿಡ್ಕಂಡು ನಗ್ತಾರೆ.

ಪಾಪ ಅಂತೀಯಾ? ಎಂಥ ಪಾಪ! ಮೂರು ಮಕ್ಕಳ ತಂದೆ ಅವನು. ಅವನೇ ಅಂದ ನಂಗೆ, ಎರಡು ಗಂಡು ಒಂದು ಹೆಣ್ಣು ಅಂತ. ಅಂಥೋನಿಗೆ ಮಾಡ್ಸಿದ್ರಾಗೆ ತಪ್ಪೇನೈತೆ? ನಾನು ಸ್ಟೇರಿಂಗ್ ಹಿಡಿಯೋನು, ಅಷ್ಟೆ…

ಏನಂದೆ?

ಎರಡಲ್ವಾ? ಮೂರು ಮೈಲೀನಾ? ಇರಬೌದು. ಮೂರೇ ಇರಬೌದು, ಯಾರು ಅಳೆದಿದ್ರು…

…ನಿಂಗೆಂಗೆ ಗೊತ್ತು?

ಏಯ್. ನಿಂಗೆಂಗೆ ಗೊತ್ತು ಅಂತ ಕೇಳ್ದೆ. ಹಂಗೆ ನೋಡ್ಬೇಡ. ಮಾತಾಡು… ಆಗ ಮೀಸೆ ಇರ್ಲಿಲ್ಲ ನಿಂಗೆ. ಯರ್ರಿಸ್ವಾಮಿ… ಹೌದು, ಯರ್ರಿಸ್ವಾಮಿ ಅಂತಲೇ ಬರೆಸಿದ್ದು. ಅದಕ್ಕೇನಾ ಹರಾಜಿನಾಗೆ ಇದೇ ಜೀಪು ಕೂಗಿದ್ದು? ಅದಕ್ಕೇನಾ ನನ್ನ ಮನೆ ಹುಡುಕ್ಕಂಡು ಬಂದಿದ್ದು? ಹೊಡೀತೀಯಾ? ಹೊಡಿ. ನನಗೂ ಅರವತ್ತಾತು, ಹೊಡಿ…

ಹೊಡಿಯಲ್ವಾ? ಬೈದಾದ್ರೂ ಬಿಡೋ!

…ಆತು. ಆತಪ್ಪಾ. ಮಕ್ಕಳಾವೆ ಅಂತ ನೀನು ಅನ್ಲಿಲ್ಲ. ದಾರಿಯಾಗೆ ಕೇಳಿದ್ದೆ ನಾನು, ಮದ್ವೆ ಆಗೈತೇನೋ ಅಂತ. 'ಇಲ್ಲಣ್ಣ, ನಿಶ್ಚಯ ಆಗೈತೆ, ಹೆಣ್ಣು ಚೆನ್ನಾಗೈತೆ' ಅಂದಿದ್ದೆ ನೀನು. ಮುಖ ಆ ಕಡೆ ತಿರುಗಿಸ್ಕಂಡು ಅಂದಿದ್ದೆ. ಕೇಳಿಸಿತ್ತು ನಂಗೆ. ಇಂಜಿನ್ ಸದ್ದಾಗೆ ಕೇಳಿಸ್ಲಿಲ್ಲ ಅಂತ ಎಷ್ಟೋ ಸಲ ನನಗೆ ನಾನೇ ಹೇಳ್ಕಂಡೀನಿ… ಕೇಳಿಸಿತ್ತು. ಕ್ಯಾಂಪಿನಾಗೆ ಗುಮಾಸ್ತ ಹೆಂಡ್ತಿ ಹೆಸರು ಕೇಳ್ದ. ಬಾಯಿಗೆ ಬಂದಿದ್ದು ನಾನೇ ಅಂದೆ, ಸುಂಕಲಮ್ಮ. ಮಕ್ಕಳು? ಮೂರು. ನೀನು ಪಕ್ಕದಾಗೇ ನಿಂತು ಖಾಕಿ ಬಟ್ಟೆ ಯಾವಾಗ ಕೊಡ್ತಾರೆ ಅಂತ ಕೇಳ್ತಿದ್ದೆ.

ನನಗೂ ಮನೆ ಇತ್ತು ಕಣಪ್ಪಾ. ಕೆಲಸ ಹೋಗಿದ್ರೆ…

ಯವ್ವಾ! ನೀನು… ಯಾವಾಗ ಇಳಿದು ಬಂದೆ ತಾಯಿ? ಅಲ್ಲೇ ಯಾಕೆ ನಿಂತೀಯ? ಬಾ, ಮ್ಯಾಲೆ ಬಾ. ಎಲ್ಲಾ ಕೇಳಿಸ್ಕಂಡ್ಯಾ? ಅಂದ್ಬಿಡವ್ವಾ, ಏನ್ ಅನ್ಬೇಕೋ ಅಂದ್ಬಿಡು ನಂಗೆ. ಉಗಿ…

ಲೇ ಯರ್ರಿಸ್ವಾಮಿ. ಆಯಮ್ಮ ನನ್ನ ನೋಡ್ತಿಲ್ಲ ಕಣೋ.

ನಿನ್ನೇ ನೋಡ್ತೈತೆ.

ಯಾಕೋ? ತಲೆ ಎತ್ತು. ಎತ್ತೋ!… ನೀನು ಹೇಳಿರ್ಲಿಲ್ವಾ? ಹತ್ತು ವರ್ಷ… ಒಂದು ಸಲಾನೂ… ಆಯಮ್ಮಗೆ ಹೇಳೇ ಇರ್ಲಿಲ್ವಾ?