ಕುಣಿಗಲ್ಲಿಂದ ತಂದ ಸಿಗ್ನಲ್

ತಂಗಿ ಗಂಗಾಂಬಿಕೆ ಗುಬ್ಬಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡಳೆಂದು ತಿಳಿದ ದಿನವೇ ಸದಾಶಿವಯ್ಯನವರು ಠಾಣೆಯ ಬೆಂಚಿನ ಮೇಲೆ ಕುಳಿತಿದ್ದರು. ಪಕ್ಕದಲ್ಲಿ, ಆ ರಸ್ತೆಯ ಒಂದು ಬದಿ ಅಗೆದು ವಾಹನಗಳನ್ನು ಸರದಿಯಲ್ಲಿ ಬಿಡಲು ಎರಡು ತುದಿಗೂ ಸಿಗ್ನಲ್ ನಿಲ್ಲಿಸಿದ್ದ ಕೆಲಸದವರಿಬ್ಬರು ಮಾತಾಡುತ್ತಿದ್ದರು. ಇವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

“ಒಂದೇ ಸಲಕ್ಕೆ ಎರಡೂ ಕಡೆ ಹಸಿರು ಹೆಂಗ್ ಬಂತ್ಲಾ?”

“ಒಂದು ಸಿಗ್ನಲ್ ಕೆಟ್ಟೋಗಿತ್ತಣ್ಣ. ಕುಣಿಗಲ್ಲಿಂದ ಬೇರೆ ತಂದು ನಿಲ್ಲಿಸ್ದೆ. ಅದರ ಹಳೇ ನಂಬರ್ ಬದಲಾಯಿಸ್ಲಿಲ್ಲ. ಎರಡಕ್ಕೂ ಒಂದೇ ನಂಬರ್ ಆಗಿ, ಒಂದು ಹಸಿರಾದಾಗ ಇನ್ನೊಂದೂ ಹಸಿರಾಗೋಯ್ತು.”

“ಲೈಟ್ ಹತ್ತಿದ್ ತಕ್ಷಣ ಟೀಗೆ ಹೋದೆ. ಭಾರಿ ಇಂಜಿನಿಯರ್ರು ನೀನು!”

“ಆಯಮ್ಮ ಹಸಿರು ನೋಡ್ಕೊಂಡೇ ಬಂದಿದ್ದು ಕಣಣ್ಣ.”

“ಸುಮ್ನಿರ್ಲಾ. ಆಯಮ್ಮನೇ ಕೆಂಪಲ್ಲಿ ನುಗ್ಗಿದ್ರು ಅಂತ ಹೇಳು, ಮುಗೀತು.”

“ನಂಗೂ ಒಬ್ಳು ಅಕ್ಕ ಅವ್ಳೆ ಕಣಣ್ಣ.”

ಒಳಗಿಂದ ಕರೆದರು. ಇಬ್ಬರೂ ಎದ್ದು ಹೋದರು.

ಸದಾಶಿವಯ್ಯನವರು ಕಣ್ಣು ಮುಚ್ಚಿ ಕೈ ಮುಗಿದರು.

“ಶಿವನೇ, ಆ ಹುಡುಗನ ಬಾಯಲ್ಲಿ ನಿಜ ನುಡಿಸು. ನನ್ನ ತಂಗಿಯನ್ನು ನಿನ್ನ ಪಾದದ ಬಳಿ ನೆಮ್ಮದಿಯಾಗಿ ಇರಿಸಿಕೋ.”