ಹುಡೇದಹಟ್ಟಿಯ ಅಗಸಿ

ಆ ಸಂಜೆ ಘಟಪ್ರಭಾ ಸ್ಟೇಶನ್ನಿನಲ್ಲಿ ಮೀರಜಿನ ಗಾಡಿಗೆ ಕಾಯುತ್ತಿದ್ದವರೆಲ್ಲ ತಗಡಿನ ಚಾವಣಿಯ ಕೆಳಗೆ ಒತ್ತಿಕೊಂಡು ಕೂತಿದ್ದರು. ಮಳೆ ಮಧ್ಯಾಹ್ನದಿಂದ ಬಿಟ್ಟಿರಲಿಲ್ಲ. ಎಲ್ಲೋ ಹಳಿಯ ಮೇಲೆ ನೀರು ಬಂದಿದೆಯಂತೆ, ಗಾಡಿ ಯಾವಾಗ ಬರುತ್ತದೆಂದು ಸ್ಟೇಶನ್ ಮಾಸ್ತರರಿಗೂ ಗೊತ್ತಿರಲಿಲ್ಲ. ಮಾತಿಗೆ ಮಾತು ಬೆಳೆದು, ಕೊಣ್ಣೂರ ಕಡೆಯ ರಾಯಪ್ಪನೆಂಬ ರೈತ ತಮ್ಮ ಹಳ್ಳಿಯ ಸುದ್ದಿ ತೆಗೆದ. ಪಾಳುಬಿದ್ದ ಕೋಟೆಗೋಡೆ, ಮುಚ್ಚಿಹೋದ ಅಗಸಿಬಾಗಿಲು ಎಲ್ಲವನ್ನೂ ಊರವರೇ ಕೂಡಿ ಮತ್ತೆ ನೆಟ್ಟಗೆ ಮಾಡಬೇಕೆಂದು ಒಂದು ಮಂಡಳಿ ಕಟ್ಟಿಕೊಂಡಿದ್ದಾರಂತೆ.

ಮೂಲೆಯಲ್ಲಿ ಗಂಟಿನ ಮೇಲೆ ಕೈಯಿಟ್ಟು ಕೂತಿದ್ದ ಮುದುಕಿಯೊಬ್ಬಳು ತಲೆಯೆತ್ತಿದಳು. ಹುಕ್ಕೇರಿ ಕಡೆಯವಳು, ಹೆಸರು ಜಿನ್ನವ್ವ.

"ಮಾಡ್ರಿ, ಬ್ಯಾಡ ಅನ್ನಾಂಗಿಲ್ಲ," ಎಂದಳು. "ಆದರ ಅಗಸಿ ಒಡಿಯೂ ಮೊದಲ ಅದನ್ನ ಯಾರು ಮುಚ್ಚಿದ್ರು, ಯಾಕ ಮುಚ್ಚಿದ್ರು ಅಂತ ಕೇಳ್ರಿ... ನಮ್ಮೂರಾಗ ನಾವು ಕೇಳಲಿಲ್ಲರಿ."

ರಾಯಪ್ಪ ನಕ್ಕ. ಅವಳು ನಗಲಿಲ್ಲ. ಮಂದಿ ಒಬ್ಬೊಬ್ಬರಾಗಿ ಸರಿದು ಅವಳ ಹತ್ತಿರ ಬಂದು ಕೂತರು. ಜಿನ್ನವ್ವ ಹೇಳಿದ ಕತೆ ಇದು.

ಹಿರಣ್ಯಕೇಶಿಯ ದಂಡೆಯ ಮೇಲೆ ಹುಡೇದಹಟ್ಟಿ ಎಂಬ ಹಳ್ಳಿ. ಸಣ್ಣದು, ಆದರೆ ಹಳೆಯದು. ಸುತ್ತ ಕಲ್ಲಿನ ಗೋಡೆ, ನಡುವೆ ಕಾವಲಿಗೆಂದು ಕಟ್ಟಿದ ಎತ್ತರದ ಬುರುಜು, ಅಂದರೆ ಹುಡೇವು, ಒಂದು ಬಸದಿ, ಮೆಟ್ಟಿಲಿಳಿದು ಹೋಗುವ ಬಾವಿ, ಊರಿಗೆಲ್ಲ ಒಂದೇ ಅಗಸಿ. ಪ್ಲೇಗು ಬಂದ ವರ್ಷ ಅಲ್ಲಿ ಇಲಿ ಸತ್ತು ಬೀಳತೊಡಗಿದ ಮೇಲೆ ಮಂದಿ ಪಾತ್ರೆಪಗಡೆ ಹೊತ್ತು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಬ್ಯಾನೆ ಹತ್ತಿದವರು ಒಳಗೇ ಉಳಿದರು. ಸ್ವಲ್ಪ ದಿನದಲ್ಲಿ ಅಗಸಿಯ ಬಾಯಿಗೆ ಕಲ್ಲಿನ ಗೋಡೆ ಎದ್ದಿತು. ಬ್ಯಾನೆ ಹೋಯಿತು, ಆದರೆ ಆ ಗೋಡೆ ಒಡೆಯುವ ಧೈರ್ಯ ಯಾರಿಗೂ ಆಗಲಿಲ್ಲ. ಹೊಲದ ಗುಡಿಸಲುಗಳೇ ಊರಾದವು, ಒಂದು ತಲೆಮಾರು ಅಲ್ಲೇ ಬೆಳೆಯಿತು.

ಆದರೆ ಆ ಹೊಲದ ಊರು ತಗ್ಗಿನಲ್ಲಿತ್ತು. ಪ್ರತಿ ಮಳೆಗಾಲ ನದಿ ಒಲೆಯವರೆಗೂ ಬರುತ್ತಿತ್ತು. ಕೊಲ್ಲಾಪುರದಲ್ಲಿ ಓದಿ ಬಂದಿದ್ದ ವ್ಯಾಪಾರಿ ದಾದಾಸಾಹೇಬ ಒಂದು ದಿನ ಎಲ್ಲರನ್ನೂ ಕೂಡಿಸಿದ. "ದಿಬ್ಬದ ಮ್ಯಾಲ ಹಿರ್‍ಯಾರು ಕಟ್ಟಿದ ಕಲ್ಲಿನ ಮನಿ ಅದಾವ, ಬಾವಿ ಐತಿ, ಬಸದಿ ಐತಿ. ಅದನ್ನ ಬಿಟ್ಟು ನಾವು ಇಲ್ಲಿ ಕೆಸರಾಗ ಯಾಕ ಸಾಯಬೇಕು?" ಎಂದ. ಮನೆಗೊಬ್ಬರು ದುಡಿಯಬೇಕು, ಗೋಡೆ ಎತ್ತಬೇಕು, ಬಾವಿಯ ಹೂಳು ತೆಗೆಯಬೇಕು, ಚರಂಡಿ ತೋಡಬೇಕು ಎಂದು ಎಲ್ಲರೂ ಒಪ್ಪಿದರು. ಒಪ್ಪದವನು ಹಳೆಯ ಗೌಡ ಗುರುಲಿಂಗಪ್ಪ ಒಬ್ಬನೇ. ಬೇಡ ಎಂದೂ ಅನ್ನಲಿಲ್ಲ, ಎದ್ದು ಹೊರಟುಹೋದ.

ಅವನು ಹೋದ ದಾರಿಯನ್ನೇ ಲಕ್ಕವ್ವನೆಂಬ ಹೆಂಗಸು ಬಹಳ ಹೊತ್ತು ನೋಡಿದಳು. ಯಾಕೆ ನೋಡಬಾರದು? ಪ್ಲೇಗಿನ ವರ್ಷ ಅವಳು ಸೆರಗು ಹಿಡಿದು ನಡೆಯುವ ಕೂಸು. ಅವಳ ಅಣ್ಣನಿಗೆ ಕಂಕುಳಲ್ಲಿ ಗಂಟು ಎದ್ದಿತ್ತು. ತಾಯಿ ಯಮನವ್ವ ಮಗಳನ್ನು ಅಜ್ಜಿಯ ಕೈಗೆ ಕೊಟ್ಟು, ಮಗನ ಆರೈಕೆಗೆ ಒಳಗೆ ಉಳಿದವಳು ಮತ್ತೆ ಹೊರಗೆ ಬರಲಿಲ್ಲ. ಗೌಡನೇ ನಿಂತು ಅಗಸಿ ಮುಚ್ಚಿಸಿದ, ಬದುಕಿದ್ದವರನ್ನೇ ಒಳಗೆ ಹಾಕಿದ ಎಂದು ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಪಿಸುಗುಡುವುದನ್ನು ಕೇಳುತ್ತಲೇ ಲಕ್ಕವ್ವ ದೊಡ್ಡವಳಾದಳು, ಮದುವೆಯಾದಳು, ಮಕ್ಕಳ ತಾಯಿಯಾದಳು. ಗುರುಲಿಂಗಪ್ಪ ಎದುರಿಗೆ ಬಂದರೆ ಉಗುಳಿ ಮುಖ ತಿರುಗಿಸುತ್ತಿದ್ದಳು. ಅವನು ತಲೆ ತಗ್ಗಿಸಿ ಸರಿದು ಹೋಗುತ್ತಿದ್ದ. ತಪ್ಪು ಮಾಡದವನು ಹಾಗೆ ತಲೆ ತಗ್ಗಿಸುತ್ತಾನೆಯೇ?

ಅಗಸಿಯ ಗೋಡೆಗೆ ಮೊದಲ ಹಾರೆ ಹಾಕಿದವಳು ಲಕ್ಕವ್ವನೇ. ಒಂದೇ ದಿನದಲ್ಲಿ ಗೋಡೆ ಉರುಳಿತು. ಒಳಗೆ ಬಸದಿಯ ಪಡಸಾಲೆಯಲ್ಲಿ ಎಲುಬುಗಳು ಸಿಕ್ಕವು. ಯಾವುದು ಯಾರದು? ಲಕ್ಕವ್ವ ಅವುಗಳಲ್ಲಿ ತಾಯಿಯನ್ನು ಹುಡುಕಿದಳು. ಊರವರು ಎಲ್ಲವನ್ನೂ ಮರ್ಯಾದೆಯಿಂದ ಮಣ್ಣು ಮಾಡಿದರು.

ಮರುದಿನ ಮುಂಜಾನೆ ಬುಟ್ಟಿ ಸಲಿಕೆ ಹಿಡಿದು ಬಂದವರು ಅಗಸಿಯಲ್ಲೇ ನಿಂತರು... ಬದಿಗೆ ಒಟ್ಟಿದ್ದ ಕಲ್ಲುಗಳಲ್ಲಿ ಕೆಲವು ಮತ್ತೆ ಬಾಗಿಲಿಗೆ ಅಡ್ಡವಾಗಿ ಸಾಲು ಕೂತಿದ್ದವು. ನಡುವೆ ಹಸಿ ಮಣ್ಣು.

"ಖರೆ ಹೇಳತೇನಿ, ನಮ್ಮ ಮಂದ್ಯಾಗ ದೆವ್ವಾ ಅಂತ ಯಾರೂ ಅನ್ನಲಿಲ್ಲ ನೋಡ್ರಿ," ಎಂದಳು ಜಿನ್ನವ್ವ, ಕೇಳುವವರ ಕಡೆ ಬಾಗಿ. "ಮನಷ್ಯಾಗ ಮನಷ್ಯಾನ ಮ್ಯಾಲನ ಮೊದಲ ಸಂಶೆ..."

ಸಂಶಯ ಮೊದಲು ಗವಂಡಿ ಯಲ್ಲಾರಿಯ ಮೇಲೆ ಬಂತು. ಹೀಗೆ ಅಡ್ಡಗೋಡೆ ಕಟ್ಟುವ ಕೈ ಅವನೊಬ್ಬನದೇ ಅಲ್ಲವೇ? ಅವನು ಅಳುತ್ತ ಆಣೆ ಮಾಡಿದ, ಸಿಟ್ಟಿನಿಂದ ಸಂಕೇಶ್ವರಕ್ಕೆ ಹೊರಟುಹೋದ. ಅವನು ಹೋದ ಮೇಲೂ ಗೋಡೆ ಏಳುತ್ತಲೇ ಇತ್ತು. ಹಗಲು ಇವರು ಕೆಡವುವುದು, ಬೆಳಗಾಗುವಷ್ಟರಲ್ಲಿ ಅದು ಎದ್ದಿರುವುದು. ಕಾವಲು ಹಾಕಿದರು. ಬೆಳಕು ಹರಿಯುವ ಹೊತ್ತಿಗೆ ಹೊಳೆಯ ಕಡೆಯಿಂದ ಮಂಜು ಬಂದು ಮುಸುಕಿತು, ಮಂಜು ಸರಿದಾಗ ಕಲ್ಲು ಕೂತಿದ್ದವು ಎಂದು ಕಾವಲಿನವರು ಹೇಳಿದರು. ನಿದ್ದೆ ಹೊಡೆದವರು ಹೀಗೇ ಹೇಳುವುದು ಎಂದು ಮಂದಿ ಅವರನ್ನೂ ನಂಬಲಿಲ್ಲ. ನೆರೆಯವರು ನೆರೆಯವರ ಕೈಯುಗುರಿನಲ್ಲಿ ಮಣ್ಣಿದೆಯೇ ಎಂದು ಓರೆಗಣ್ಣಿನಲ್ಲಿ ನೋಡತೊಡಗಿದರು. ಬಾವಿಯ ಕೆಲಸ ಅರ್ಧಕ್ಕೆ ನಿಂತಿತು.

ಕೊನೆಗೆ ದಾದಾಸಾಹೇಬ ಎಲ್ಲರೆದುರಿಗೆ ಲಕ್ಕವ್ವನನ್ನೇ ಕೇಳಿದ. "ತಂಗಿ, ಸಿಟ್ಟಾಗಬ್ಯಾಡ. ಈ ಊರಿನ ಮ್ಯಾಲ ಸೇಡು ಇರೂದು ನಿನಗೊಬ್ಬಾಕಿಗೆ ಅಂತ ಮಂದಿ ಮಾತಾಡಾಕತ್ತಾರ."

ಅವಳ ಮೈ ಉರಿಯಿತು. ಬೇವಿನ ಕೆಳಗೆ ಕೂತಿದ್ದ ಗುರುಲಿಂಗಪ್ಪನ ಕಡೆ ಕೈ ಮಾಡಿದಳು. "ನನ್ನೇನ ಕೇಳ್ತೀರಿ? ಹಿಂದ ಮುಚ್ಚಿದವ ಅಲ್ಲಿ ಕುಂತಾನ, ಅವನ್ನ ಕೇಳ್ರಿ! ಅವ್ವನ್ನ ಜೀವಂತ ಮುಚ್ಚಿದ ಕೈ ಅವು!"

ಮುದುಕ ಬಡಿಗೆ ಊರಿ ಎದ್ದ.

"ನಾ ಮುಚ್ಚಲಿಲ್ಲವ್ವಾ," ಎಂದ. "ನಾ ನಿಮ್ಮವ್ವನ್ನ ಕರಕೊಂಡು ಬರಾಕ ಹೋಗಿದ್ದೆ. ಆಕಿ ಒಳಗ ನಿಂತು ಕಲ್ಲ ಇಡಾಕತ್ತಿದ್ಲು. ನೀನು ಅವ್ವಾ ಅವ್ವಾ ಅಂತ ಗುಡಿಸಲಾ ಬಿಟ್ಟು ಅಗಸಿಗೆ ಓಡಿ ಬರ್ತಿದ್ದಿ... ಎರಡ ಸಲ ಹಿಡಕೊಂಡು ಹೋಗಿದ್ರು. ಮೂರನೇ ಸಲ ಒಳಗ ಬಂದ್ರ ಕೂಸು ಉಳಿಯೂದಿಲ್ಲ ಗೌಡ್ರ ಅಂದ್ಲು."

"ಸುಳ್ಳ!"

"ಮತ್ತೊಂದು ಮಾತ ಅಂದ್ಲು. ಅವ್ವನ ತನ್ನ ಮುಖದ ಮ್ಯಾಲ ಬಾಗಲಾ ಹಾಕಿದ್ಲು ಅಂತ ನನ್ನ ಮಗಳಿಗೆ ತಿಳಿಯೂದು ಬ್ಯಾಡ. ನೀವು ಹಾಕಿದ್ರಿ ಅಂತ ಹೇಳ್ರಿ. ಆಕಿ ಸಿಟ್ಟು ನಿಮ್ಮ ಮ್ಯಾಲ ಇರಲಿ... ನಾ ಹೂಂ ಅಂದೆ."

ಲಕ್ಕವ್ವ ನಂಬಲಿಲ್ಲ. ಸಾಯುವ ವಯಸ್ಸಿನಲ್ಲಿ ಪಾಪ ತೊಳೆದುಕೊಳ್ಳಲು ಹೆಣೆದ ಕತೆ ಎಂದೇ ಅವಳಿಗೆ ಅನ್ನಿಸಿತು. ಮಂದಿ ರೊಟ್ಟಿ ತಿನ್ನಲು ನೆರಳಿಗೆ ಹೋದ ನಡುಮಧ್ಯಾಹ್ನ, ಆ ದಿನ ಇನ್ನೂ ಕೆಡವದೆ ಬಿಟ್ಟಿದ್ದ, ಸೊಂಟದವರೆಗೆ ಎದ್ದಿದ್ದ ಆ ಗೋಡೆಯನ್ನು ದಾಟಿ ಒಬ್ಬಳೇ ಒಳಗಿಳಿದಳು, ತಿರುಗಿ ನೋಡಿದಳು.

ಹೊರಗಿನಿಂದ ಒರಟಾಗಿದ್ದ ಗೋಡೆ ಒಳಗಿನಿಂದ ನುಣ್ಣಗಿತ್ತು. ಒಲೆ ಸಾರಿಸಿದ ಹಾಗೆ, ಕೈಯಿಂದ ಮಣ್ಣು ಮೆತ್ತಿ, ಬೆರಳಿನಿಂದ ಎಳೆದು ಎಳೆದು ಒಪ್ಪ ಮಾಡಿತ್ತು. ಗವಂಡಿಯ ಕೆಲಸವಾಗಿರಲಿಲ್ಲ, ಹೆಂಗಸಿನ ಕೈ. ಕಟ್ಟಿದವರು ನಿಂತದ್ದು ಒಳಗಡೆಯೇ...

ಅವಳು ನೋಡುತ್ತಿದ್ದಂತೆಯೇ ಹಸಿ ಮಣ್ಣಿನ ಮೇಲೆ ಹೊಸದಾಗಿ ನಾಲ್ಕು ಗೆರೆ ಮೂಡಿದವು. ಬಿಸಿಲು ಸುಡುತ್ತಿತ್ತು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಗೆರೆಗಳು ಅಡ್ಡಡ್ಡ ಸರಿಯುತ್ತ, ಮಣ್ಣು ಒತ್ತುತ್ತ, ಸಂದು ತುಂಬುತ್ತ ಬಂದವು. ಚಪ್ ಚಪ್ ಎಂದು ಸಪ್ಪಳ.

ಓಡಬೇಕಿತ್ತು. ಆದರೆ ಅವಳು ಗೋಡೆಯ ಹತ್ತಿರಕ್ಕೇ ಸರಿದಳು. "ಅವ್ವಾ," ಎಂದಳು.

ಸಪ್ಪಳ ನಿಂತಿತು.

"ಅವ್ವಾ, ನಾ ಲಕ್ಕಿ. ಬ್ಯಾನಿ ಹೋಗಿ ಭಾಳ ವರ್ಷ ಆತವ್ವಾ. ನಾ ಓಡಿ ಬಂದು ಸಾಯಲಿಲ್ಲ ನೋಡು, ಬದುಕೇನಿ. ನನಗೂ ಮಕ್ಕಳದಾವ, ಹೊಳಿ ನೀರು ಅವರ ಹಾಸಿಗಿಗೆ ಬರತೈತಿ. ಬಾಗಲಾ ಬಿಡವ್ವಾ... ಇನ್ನ ಸಾಕು."

ಎಷ್ಟು ಹೊತ್ತೋ ಏನೂ ಆಗಲಿಲ್ಲ. ಆಮೇಲೆ ಅವಳ ಕೆನ್ನೆಗೆ ತಣ್ಣಗೆ ಏನೋ ತಗುಲಿತು. ಕೈಯಿಟ್ಟು ನೋಡಿದರೆ ಹಸಿ ಮಣ್ಣು. ಗೋಡೆಯ ಮೇಲಿನ ಕಲ್ಲು ತಾನಾಗಿ ಸರಿದು ಹೊರಗೆ ಉರುಳಿತು. ಉಳಿದದ್ದನ್ನು ಲಕ್ಕವ್ವ ಎರಡೂ ಕೈಯಿಂದ ದೂಡಿ ಕೆಡವುತ್ತ ಗಟ್ಟಿಯಾಗಿ ಅತ್ತಳು. ಆ ಅಳು ಕೇಳಿಯೇ ಮಂದಿ ಓಡಿ ಬಂದದ್ದು. ಮಣ್ಣಾದ ಕೈಯಲ್ಲೇ ಅವಳು ಹೋಗಿ ಗುರುಲಿಂಗಪ್ಪನ ಕಾಲು ಹಿಡಿದಳು. ಮುದುಕ ಅವಳ ತಲೆಯ ಮೇಲೆ ಕೈಯಿಟ್ಟು, "ನಿನ್ನ ಸಿಟ್ಟು ಹೊತ್ತು ಹೊತ್ತು ನನಗೂ ಸಾಕಾಗಿತ್ತವ್ವಾ," ಎಂದ.

ಅಂದಿನಿಂದ ಗೋಡೆ ಏಳಲಿಲ್ಲ. ಯಲ್ಲಾರಿಯನ್ನು ಕೈಮುಗಿದು ಕರೆತಂದರು. ಬಾವಿಯಲ್ಲಿ ತಿಳಿನೀರು ಬಂತು, ಬಸದಿಯಲ್ಲಿ ದೀಪ ಹತ್ತಿತು, ಮನೆಗಳಿಗೆ ಬೆಳಕಿಂಡಿ ಕೊರೆದರು, ಮುಂದಿನ ಮಳೆಗಾಲಕ್ಕೆ ಹುಡೇದಹಟ್ಟಿ ದಿಬ್ಬದ ಮೇಲೆ ಒಣಗಿದ ನೆಲದಲ್ಲಿ ಮಲಗಿತ್ತು.

ಜಿನ್ನವ್ವ ಮಾತು ನಿಲ್ಲಿಸಿದಳು. ತಗಡಿನ ಮೇಲೆ ಮಳೆ ಸುರಿಯುತ್ತಿತ್ತು.

"ಅಂದ್ರ ಆ ತಾಯಿಗೆ ಮುಕ್ತಿ ಸಿಕ್ತು ಅನ್ರಿ," ಎಂದ ರಾಯಪ್ಪ. ಕತೆ ಒಳ್ಳೆಯ ರೀತಿಯಲ್ಲಿ ಮುಗಿದದ್ದು ಅವನಿಗೆ ಸಮಾಧಾನವಾದಂತಿತ್ತು. "ಮತ್ತ ಈ ಮಳ್ಯಾಗ ಊರು ಬಿಟ್ಟು ಎಲ್ಲಿಗೆ ಹೊಂಟೀರಿ?"

"ಊರು ಬಿಟ್ಟು ಅಲ್ಲಪ್ಪಾ. ಗೋಕಾಕದಾಗ ಮಗಳ ಮನ್ಯಾಗ ಇದ್ದೆ. ಇವತ್ತ ಮುಂಜಾನೆ ಊರಿಗೆ ಹೊಳ್ಳಿ ಹೋದೆ... ಅಗಸಿ ಮುಚ್ಚಿತ್ತು, ನನ್ನ ತಲಿಗಿಂತ ಮ್ಯಾಲ ಕಲ್ಲು. ಊರಾಗ ಒಂದು ಕೂಸಿನ ದನಿ ಇಲ್ಲ, ಒಂದು ಒಲಿ ಹೊಗಿ ಇಲ್ಲ. ಯಾರದೀರಿ ಅಂತ ಒದರಿದೆ. ಗ್ವಾಡಿ ಆ ಕಡಿಂದ ಲಕ್ಕವ್ವ ಅಂದ್ಲು, 'ಅಕ್ಕಾ, ಒಳಗ ಬರಬ್ಯಾಡ್ರಿ. ಮತ್ತ ಇಲಿ ಬೀಳಾಕತ್ತಾವ.' ದನಿ ಆಕೀದ, ಸಂಶೆ ಇಲ್ಲ. ಅದಕ್ಕ ಹಿಂದ ತಿರಗಿ ಬಂದೆ, ಮೀರಜಿಗೆ ತಮ್ಮನ ಮನಿಗೆ ಹೊಂಟೇನಿ."

ಅವಳು ಗಂಟನ್ನು ಮಡಿಲಿಗೆಳೆದುಕೊಂಡಳು.

"ಲಕ್ಕವ್ವ ಹೋಗಿ ವರ್ಷ ಆತ್ರಿ. ಆಕೀಗೆ ಮಣ್ಣ ಕೊಟ್ಟವರೊಳಗ ನಾನೂ ಒಬ್ಬಾಕಿ."