ಮುಳುಗುವವನ ಕೈ

ಆಸ್ಪತ್ರೆಯ ಪಡಸಾಲೆಯಲ್ಲಿ ಬೆರಳಿನ ಕಟ್ಟು ಬಿಚ್ಚಿಸಲು ಕಾದು ಕೂತಿದ್ದ ದರ್ಜಿಯಮ್ಮನಿಗೆ ಪಕ್ಕದ ಬೆಂಚಿನ ಅಣ್ಣ-ತಂಗಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಕುಡಿದು ಗಾಡಿ ಓಡಿಸಿ ಬಿದ್ದೋನು ಅವನು. ರಕ್ತ ಕೊಡೋಕೆ ನಾನಾ?”

“ಆ ಗುಂಪಿನ ರಕ್ತ ನಿಂದು ಮಾತ್ರ ಇರೋದು ಅಂದ್ರಲ್ಲಣ್ಣ ಡಾಕ್ಟ್ರು.”

“ಅಪ್ಪನ ಮಣ್ಣಿಗೂ ಬರಲಿಲ್ಲ ಕಣೇ, ನಿನ್ನ ಮುದ್ದಿನ ತಮ್ಮ.”

“ಬರಲಿಲ್ಲ. ನಾನೂ ಮರೆತಿಲ್ಲ.”

“ಮತ್ತೆ? ಅವನಿಗೇನು ಯೋಗ್ಯತೆ ಇದೆ ಅಂತ ಕೊಡ್ಲಿ?”

“ಯೋಗ್ಯತೆ ಏನೂ ಇಲ್ಲ. ಶಿಷ್ಯ ಪೇತ್ರ ನೀರಲ್ಲಿ ಮುಳುಗ್ತಾ ಕೂಗಿಕೊಂಡಾಗ ಯೇಸುಸ್ವಾಮಿ ಏನ್ಮಾಡಿದ್ರು? ಚಿಕ್ಕಂದಿನಲ್ಲಿ ನೀನೇ ನಮಗೆ ಬೈಬಲ್ ಓದಿ ಹೇಳ್ತಿದ್ದೆ.”

“ಯಾಕೆ ಸಂಶಯಪಟ್ಟೆ ಅಂತ ಬೈದ್ರು.”

“ಬೈದಿದ್ದು ಆಮೇಲೆ. ಮೊದಲು ಕೈ ಹಿಡಿದ್ರು.”

ದರ್ಜಿಯಮ್ಮ ಈಗ ಅವರತ್ತಲೇ ಕಿವಿಗೊಟ್ಟು ಕೂತಿದ್ದಳು. ತನ್ನ ಹೆಸರು ಕೂಗಿದ್ದೂ ಅವಳಿಗೆ ಕೇಳಿಸಲಿಲ್ಲ.

“ಎಚ್ಚರ ಆಗ್ಲಿ, ಅವನ ಜನ್ಮ ಜಾಲಾಡಿಬಿಡ್ತೀನಿ.”

“ಜಾಲಾಡು. ನಾನೂ ನಿನ್ನ ಪಕ್ಕ ನಿಂತು ಎರಡು ಮಾತು ಸೇರಿಸ್ತೀನಿ.”

ಅಣ್ಣ ಎದ್ದು ಅಂಗಿಯ ತೋಳು ಮಡಚುತ್ತಾ ತಂಗಿಯ ಜೊತೆ ರಕ್ತ ಕೊಡುವ ಕೋಣೆಯತ್ತ ನಡೆದ. ಅಷ್ಟು ದೂರ ಹೋದ ಮೇಲೂ ಅವನ ದನಿ ಕೇಳುತ್ತಿತ್ತು:

“ಸೂಜಿ ಅಂದ್ರೆ ನಂಗೆ ಈಗಲೂ ಭಯ ಕಣೇ. ಅವನಿಗೆ ಮಾತ್ರ ಹೇಳ್ಬೇಡ.”